ಟೇಪು ಎಲ್ಲಿ ಸುತ್ತಿದಿರಿ, ಮೊದಲು ಅದನ್ನು ಹೇಳಿ

ಮಗಳ ಮನೆಗೆಂದು ಅಮೆರಿಕದ ಒಹಾಯೋಗೆ ಹೋಗಿರುವ ಓದುಗರೊಬ್ಬರು ಬರೆದಿದ್ದಾರೆ. ನದಿ ದಂಡೆಯ ಸಿಕಮೋರ್ ಮರವೊಂದಕ್ಕೆ ಟೇಪು ಸುತ್ತಿದರೆ 38 ಅಡಿ ಬಂತಂತೆ. ಬುಡದಿಂದಲೇ ಮೂರು ಕವಲು. "ದೇಶದ ಅತಿ ದೊಡ್ಡ ಸಿಕಮೋರ್‌ಗಳಲ್ಲಿ ಇದೂ ಒಂದು ಅನ್ನಬಹುದಲ್ವಾ? ಅಳತೆ ಅಂದ್ರೆ ಅಳತೆ, ಅದರಲ್ಲಿ ತಕರಾರೇನು?" ಎನ್ನುವುದು ಅವರ ಪ್ರಶ್ನೆ.

ತಕರಾರು ಇದೆ ಸ್ವಾಮಿ. ಆದರೂ ಮರ ಕಂಡ ಕೂಡಲೇ ಫೋಟೋ ತೆಗೆದು ಹೊರಟುಹೋಗದೆ ಟೇಪು ತೆಗೆದಿರಲ್ಲ, ಅದಕ್ಕೆ ನಿಮ್ಮ ಮೇಲೆ ನನಗೆ ಪ್ರೀತಿಯೇ.

ಅಮೆರಿಕನ್ ಫಾರೆಸ್ಟ್ಸ್ ಸಂಸ್ಥೆ 1940ರಲ್ಲಿ ಅಲ್ಲಿನ ದೊಡ್ಡ ಮರಗಳ ಪಟ್ಟಿ ಶುರು ಮಾಡಿತು. ಅಂಗುಲದಲ್ಲಿ ಸುತ್ತಳತೆ, ಅಡಿಯಲ್ಲಿ ಎತ್ತರ, ಅದಕ್ಕೆ ಅಡಿಯಲ್ಲೇ ಕೊಂಬೆಗಳ ಹರವಿನ ಕಾಲು ಭಾಗ ಕೂಡಿಸಿದರೆ ಮರದ ಅಂಕ. ಯಾರು ಬೇಕಾದರೂ ಮಾಡಬಹುದಾದ ಲೆಕ್ಕ, ಒಪ್ಪಿದೆ. ಆದರೆ ಎತ್ತರ ಒಂದು ಅಡಿ ಹೆಚ್ಚಿದರೆ ಸಿಗುವುದು 1 ಅಂಕ, ಸುತ್ತಳತೆ ಒಂದು ಅಡಿ ಹೆಚ್ಚಿದರೆ 12! ಹಾಗಾಗಿ ಅಕ್ಕಪಕ್ಕ ಹುಟ್ಟಿ ದಪ್ಪವಾಗುತ್ತಾ ಅಂಟಿಕೊಂಡ ಮೂರು ಕಾಂಡಗಳಿಗೆ ಒಟ್ಟಿಗೆ ಟೇಪು ಸುತ್ತಿದರೆ, ಒಂದೇ ಕಾಂಡದ ಮರ ಗೆಲ್ಲುವುದು ಹೇಗೆ? ಒಂದೇ ಕಂಬಳಿ ಹೊದ್ದು ಮೂವರು ಕುಸ್ತಿಗೆ ಇಳಿದ ಹಾಗಾಯಿತು.

ಆದ್ದರಿಂದ ಕವಲಿನ ಸಂದಿ ನೋಡಿ. ತೊಗಟೆ ಒಳಕ್ಕೆ ಮಡಚಿಕೊಂಡು, ಹೊಲಿಗೆ ಹಾಕಿದಂಥ ಗೆರೆ ನೆಲದವರೆಗೂ ಇಳಿದಿದ್ದರೆ ಅದು ಬಹುಮಟ್ಟಿಗೆ ಒಂದು ಕಾಂಡವಲ್ಲ. ಎರಡು ಕಾಂಡಗಳ ನಡುವಿನ ತಗ್ಗಿನ ಮೇಲೆ ಟೇಪು ಬಿಗಿಯಾಗಿ ನಿಂತಿದ್ದರೆ ನೀವು ಅಳೆದದ್ದರಲ್ಲಿ ಒಂದಿಷ್ಟು ಬರೀ ಗಾಳಿ.

ಇನ್ನು ಎಷ್ಟು ಎತ್ತರದಲ್ಲಿ ಅಳೆದಿರಿ? ಕಾಗದದಲ್ಲಿ ಅದೇ ಇಲ್ಲ. ರೂಢಿ ನಾಲ್ಕೂವರೆ ಅಡಿ. ಜಾರ್ಜ್ ವಾಷಿಂಗ್ಟನ್ 1770ರಲ್ಲಿ ಕನಾವಾ ನದಿ ಒಹಾಯೋ ನದಿಯನ್ನು ಸೇರುವ ಕಡೆ ಒಂದು ಸಿಕಮೋರ್ ಅಳೆದರು. ದಿನಚರಿಯಲ್ಲಿ ಬರೆದದ್ದು 45 ಅಡಿಗೆ ಎರಡು ಅಂಗುಲ ಕಮ್ಮಿ, ಜೊತೆಗೆ ನೆಲದಿಂದ ಮೂರು ಅಡಿ ಮೇಲೆ ಅಂತಲೂ. ಸರ್ವೇ ಕೆಲಸ ಮಾಡಿದ ಮನುಷ್ಯ, ಬಿಡ್ತಾರಾ! 1802ರಲ್ಲಿ ಮರಿಯೆಟ್ಟಾ ಕಡೆ ಹೋದ ಫ್ರೆಂಚ್ ಸಸ್ಯವಿಜ್ಞಾನಿ ಮಿಶೋ ಕೂಡ 47 ಅಡಿ ಎಂದು ಬರೆದು, ನಾಲ್ಕು ಅಡಿ ಎತ್ತರದಲ್ಲಿ ಎಂದು ಸೇರಿಸಿದರು. ಬುಡ ಅಗಲವಾಗಿ ಹರಡುವ ಮರಕ್ಕೆ ಒಂದು ಅಡಿ ಕೆಳಗೆ ಸುತ್ತಿದರೂ ಲೆಕ್ಕ ಏರುತ್ತದೆ. ಹಾಗಾಗಿ ಆ ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ದೊಡ್ಡದು ಅನ್ನುವುದು ಕಷ್ಟ. ಆದರೆ ಕಷ್ಟ ಅಂತ ಗೊತ್ತಾಗುವುದೇ ಅವರು ಬರೆದಿಟ್ಟದ್ದರಿಂದ.

ಎತ್ತರದ ಕಥೆ ಇನ್ನೂ ಮಜಾ. ಸಿಕಮೋರ್ ನೀರಿನ ಕಡೆ ವಾಲುವ ಮರ. 100 ಅಡಿ ದೂರದಲ್ಲಿ ನಿಂತು ತುದಿಯ ಕೋನ ನೋಡಿ ಗುಣಿಸುತ್ತೀರಿ, ಆದರೆ ತುದಿ ನಿಮ್ಮ ಕಡೆಗೇ 20 ಅಡಿ ಬಾಗಿದೆ ಅಂದ್ಕೊಳ್ಳಿ. ತುದಿಯ ನೇರ ಕೆಳಗಿನ ಜಾಗ ನಿಮಗೆ 80 ಅಡಿ ದೂರ, ನೀವು ಗುಣಿಸಿದ್ದು 100ರಿಂದ. ಕಣ್ಣಿನ ಮಟ್ಟದಿಂದ 100 ಅಡಿ ಇರುವುದು 125 ಆಗಿಬಿಡುತ್ತದೆ! ಲೇಸರ್‌ನಿಂದ ತುದಿಗೇ ನೇರ ದೂರ ಹಿಡಿದು, ಅದನ್ನು ಕೋನದ ಸೈನ್‌ನಿಂದ ಗುಣಿಸುವವರು ಇದಕ್ಕೇ ಅಷ್ಟು ಹಟ ಮಾಡುವುದು.

ಇದೆಲ್ಲ ಅತಿಯಾಯಿತು ಅನ್ನಿಸಬಹುದು. ನನ್ನ ಸಂಕಟ ಕೇಳಿ. "ಅತಿ ದೊಡ್ಡ" ಎಂಬ ಮಾತಿಲ್ಲದ ಲೇಖನವೇ ಈ ಮೇಜಿಗೆ ಬರುವುದಿಲ್ಲ. ಮರ, ಸೇತುವೆ, ಜಲಪಾತ ಯಾವುದಾದರೂ ಸರಿ. ಯಾರು ಅಳೆದರು, ಹೇಗೆ ಅಳೆದರು ಎಂದರೆ "ಎಲ್ಲಾ ಕಡೆ ಹಾಗೇ ಇದೆ ಸಾರ್" ಅಂತಾರೆ. ಎಲ್ಲಾ ಕಡೆ ಇರುವುದು ಒಬ್ಬರಿಂದ ಒಬ್ಬರು ನಕಲು ಮಾಡಿದ್ದಕ್ಕೆ ತಾನೇ?

ನಿಮ್ಮ ಮರ ಸಣ್ಣದು ಅಂತ ನಾನು ಹೇಳಲಿಲ್ಲ. ಮತ್ತೆ ಹೋಗಿ, ಮೂರು ಕಾಂಡಗಳನ್ನೂ ಬೇರೆಬೇರೆಯಾಗಿ ಅಳೆಯಿರಿ, ಎಷ್ಟು ಎತ್ತರದಲ್ಲಿ ಅಂತ ಪಕ್ಕದಲ್ಲೇ ಬರೆಯಿರಿ. ಸಂದಿ ಕಾಣುವ ಕಡೆಯಿಂದ ಒಂದು ಫೋಟೋ ಕಳಿಸಿ. ಮೂರು ಕಾಂಡದ ಮರ ಅಂತಲೇ ಅಚ್ಚು ಹಾಕುತ್ತೇನೆ.