ಪಿಂಕ್ ಫ್ಲಾಯ್ಡ್‌ನ ‘ಅನಿಮಲ್ಸ್’ಗೆ ಕಾಯುತ್ತಿರುವವರಿಗೆ

ಪ್ರಶ್ನೆ: ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’, ‘ವಿಶ್ ಯು ವರ್ ಹಿಯರ್’ ಮತ್ತು ‘ದ ವಾಲ್’ ಆಲ್ಬಮ್‌ಗಳಿಗೆ ಅಪ್ರಕಟಿತ ಧ್ವನಿಮುದ್ರಣಗಳನ್ನು ಒಳಗೊಂಡ ದೊಡ್ಡ ಬಾಕ್ಸ್ ಸೆಟ್‌ಗಳು (ಹಲವು ಡಿಸ್ಕ್‌ಗಳ ಸಂಗ್ರಹಗಳು) ಬಂದಿವೆ. ಇವುಗಳ ನಡುವೆ ಬರುವ ‘ಅನಿಮಲ್ಸ್’ಗೆ ಮಾತ್ರ ಆ ಭಾಗ್ಯ ದೊರೆತಿಲ್ಲ. 2022ರಲ್ಲಿ ಬಂದ ಡಿಲಕ್ಸ್ ಆವೃತ್ತಿಯಲ್ಲಿ ಹೊಸದಾಗಿ ಕೇಳುವಂಥ ಒಂದು ಹಾಡೂ ಇರಲಿಲ್ಲ. ನಾವು ಇನ್ನೂ ಆಸೆ ಇಟ್ಟುಕೊಳ್ಳಬಹುದೆ?
— ಧಾರವಾಡದ ಓದುಗರು

ಉತ್ತರ: ಧಾರಾಳವಾಗಿ ಇಟ್ಟುಕೊಳ್ಳಬಹುದು. ಮೊದಲಿಗಿಂತ ಈಗ ಅದಕ್ಕೆ ಹೆಚ್ಚು ಗಟ್ಟಿಯಾದ ಆಧಾರಗಳೂ ಇವೆ. ಆದರೆ ಈ ಆಲ್ಬಮ್ ಏಕೆ ಹಿಂದೆ ಬಿತ್ತು ಎಂಬುದನ್ನು ಮೊದಲು ನೋಡಬೇಕು.

‘ಅನಿಮಲ್ಸ್’ನ ಎರಡು ದೀರ್ಘ ಹಾಡುಗಳಾದ ‘ಡಾಗ್ಸ್’ ಮತ್ತು ‘ಶೀಪ್’ ಹುಟ್ಟಿದ್ದು 1974ರಲ್ಲಿ. ಆಗ ಅವುಗಳ ಹೆಸರು ‘ಯು ಹ್ಯಾವ್ ಗಾಟ್ ಟು ಬಿ ಕ್ರೇಜಿ’ ಮತ್ತು ‘ರೇವಿಂಗ್ ಅಂಡ್ ಡ್ರೂಲಿಂಗ್’ ಎಂದಿತ್ತು. ತಂಡ ಅವನ್ನು ಅದೇ ವರ್ಷ ವೇದಿಕೆಯ ಮೇಲೆ ನುಡಿಸುತ್ತಿತ್ತು. ಲಂಡನ್ನಿನ ವೆಂಬ್ಲಿಯಲ್ಲಿ ಅವುಗಳ ಉತ್ತಮ ಧ್ವನಿಮುದ್ರಣವೂ ಆಯಿತು. 2011ರಲ್ಲಿ ಅದು ಹೊರಬಂದಾಗ ‘ವಿಶ್ ಯು ವರ್ ಹಿಯರ್’ನ ಬಾಕ್ಸ್ ಸೆಟ್ ಸೇರಿತು. ‘ಅನಿಮಲ್ಸ್’ನ ಬಾಕ್ಸಿಗೆ ಜೀವಾಳವಾಗಬೇಕಿದ್ದ ಸಾಮಗ್ರಿ ಹೀಗೆ ಮೊದಲೇ ಬೇರೆಡೆ ಖರ್ಚಾಯಿತು.

ಆಮೇಲೆ ಬಂದದ್ದು ಜಗಳ. ಧ್ವನಿ ಎಂಜಿನಿಯರ್ ಜೇಮ್ಸ್ ಗಥ್ರಿ ಅವರು 2018ರಲ್ಲೇ ಈ ಆಲ್ಬಮ್ಮನ್ನು ರೀಮಿಕ್ಸ್ ಮಾಡಿ (ಮೂಲ ಟೇಪುಗಳಿಂದ ಹೊಸದಾಗಿ ಬೆರೆಸಿ) ಮುಗಿಸಿದ್ದರು. ಆದರೆ ಅದರ ಜೊತೆಗಿರಬೇಕಾಗಿದ್ದ, ಲೇಖಕ ಮಾರ್ಕ್ ಬ್ಲೇಕ್ ಬರೆದ ಟಿಪ್ಪಣಿಯ ಬಗ್ಗೆ ತಂಡದ ರೋಜರ್ ವಾಟರ್ಸ್ ಮತ್ತು ಡೇವಿಡ್ ಗಿಲ್ಮೋರ್ ಒಮ್ಮತಕ್ಕೆ ಬರಲಿಲ್ಲ. 2021ರಲ್ಲಿ ವಾಟರ್ಸ್ ಆ ಟಿಪ್ಪಣಿಯನ್ನು ತಮ್ಮ ಜಾಲತಾಣದಲ್ಲೇ ಪ್ರಕಟಿಸಿದರು, ಆಲ್ಬಮ್ ಟಿಪ್ಪಣಿಯಿಲ್ಲದೆ 2022ರ ಸೆಪ್ಟೆಂಬರಿನಲ್ಲಿ ಹೊರಬಂತು. ಒಂದು ಬರಹಕ್ಕಾಗಿ ಸಿದ್ಧವಾಗಿದ್ದ ಸಂಗೀತ ನಾಲ್ಕು ವರ್ಷ ಕಪಾಟಿನಲ್ಲಿ ಉಳಿದದ್ದು ಕೇಳುಗರಿಗೆ ಆದ ಅನ್ಯಾಯವೆಂದೇ ನನ್ನ ಭಾವನೆ.

ಆ ಆವೃತ್ತಿಯಲ್ಲಿ ನನ್ನನ್ನು ಹೆಚ್ಚು ನೋಯಿಸಿದ ಕೊರತೆ ಇನ್ನೊಂದಿದೆ. 1977ರಲ್ಲಿ ಈ ಆಲ್ಬಮ್ ‘ಎಯ್ಟ್-ಟ್ರ್ಯಾಕ್’ ಕಾರ್ಟ್ರಿಜ್ ರೂಪದಲ್ಲೂ ಮಾರಾಟವಾಯಿತು. ಕಾರ್ಟ್ರಿಜ್‌ನೊಳಗಿನ ಟೇಪು ಕೊನೆಯಿಲ್ಲದೆ ಸುತ್ತುತ್ತಲೇ ಇರುತ್ತದೆ. ಮುಗಿದ ಕೂಡಲೇ ಮೊದಲಿಗೆ ಬರುತ್ತದೆ. ಆಲ್ಬಮ್ಮಿನ ಮೊದಲ ಹಾಗೂ ಕೊನೆಯ ಹಾಡುಗಳು ‘ಪಿಗ್ಸ್ ಆನ್ ದ ವಿಂಗ್’ನ ಎರಡು ಭಾಗಗಳು. ಕಾರ್ಟ್ರಿಜ್‌ಗಾಗಿ ಈ ಎರಡನ್ನೂ ಬೆಸೆಯಲು ಸ್ನೋಯಿ ವೈಟ್ ಎಂಬ ಗಿಟಾರ್ ವಾದಕರು ಒಂದು ಚಿಕ್ಕ ಸೋಲೊ ನುಡಿಸಿದರು. ಎಲ್‌ಪಿಯಲ್ಲಿ ಅದಿಲ್ಲ, ಸಿಡಿಯಲ್ಲೂ ಇಲ್ಲ. ವೈಟ್ ಅವರೇ 1990ರ ದಶಕದಲ್ಲಿ ತಮ್ಮ ಸಂಕಲನವೊಂದರಲ್ಲಿ ಅದನ್ನು ಸೇರಿಸಿದ್ದರಿಂದ ಅದು ಉಳಿದುಕೊಂಡಿದೆ. ‘ಅನಿಮಲ್ಸ್’ನದೇ ಡಿಲಕ್ಸ್ ಆವೃತ್ತಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದು ಕಷ್ಟ.

ಇನ್ನು ಆಸೆಗೆ ಕಾರಣಗಳು. 2024ರಲ್ಲಿ ಸೋನಿ ಸಂಸ್ಥೆ ತಂಡದ ಧ್ವನಿಮುದ್ರಣಗಳ ಹಕ್ಕನ್ನು ಕೊಂಡುಕೊಂಡಿತು. ಮೊತ್ತ ಸುಮಾರು 40 ಕೋಟಿ ಡಾಲರ್ ಎಂದು ಪತ್ರಿಕೆಗಳು ವರದಿ ಮಾಡಿದವು. ಅಷ್ಟು ಹಣ ಹೂಡಿದವರು ಭಂಡಾರಕ್ಕೆ ಬೀಗ ಹಾಕಿ ಕೂರುವುದಿಲ್ಲ. 2025ರ ಮೇ ತಿಂಗಳಲ್ಲಿ ಇಟಲಿಯ ಪಾಂಪೇಯಿಯಲ್ಲಿ ತಂಡ ನುಡಿಸಿದ ಕಛೇರಿಯ ಹೊಸ ಆವೃತ್ತಿ ಬಂತು, ಡಿಸೆಂಬರಿನಲ್ಲಿ ‘ವಿಶ್ ಯು ವರ್ ಹಿಯರ್’ನ 50ನೆಯ ವರ್ಷದ ಬಾಕ್ಸ್ ಬಂತು. ‘ಅನಿಮಲ್ಸ್’ಗೆ 50 ತುಂಬುವುದು 2027ರ ಜನವರಿಯಲ್ಲಿ.

ಕಾನೂನಿನದೂ ಒಂದು ಒತ್ತಡವಿದೆ. ಯುರೋಪಿಯನ್ ಒಕ್ಕೂಟದ 2011ರ ನಿರ್ದೇಶನದಂತೆ ಪ್ರಕಟವಾದ ಧ್ವನಿಮುದ್ರಣಗಳ ಹಕ್ಕಿನ ಅವಧಿ 50ರಿಂದ 70 ವರ್ಷಕ್ಕೆ ಏರಿತು. ಆದರೆ 50 ವರ್ಷ ಪ್ರಕಟವಾಗದೆ ಉಳಿದದ್ದಕ್ಕೆ ಆ ರಕ್ಷಣೆ ಸಿಗುವುದಿಲ್ಲ. 2021 ಮತ್ತು 2022ರ ಕೊನೆಯಲ್ಲಿ 1970–72ರ ಹಲವಾರು ಕಛೇರಿಗಳ ಧ್ವನಿಮುದ್ರಣಗಳು ಸದ್ದುಗದ್ದಲವಿಲ್ಲದೆ ಸ್ಟ್ರೀಮಿಂಗ್ ಸೇವೆಗಳಲ್ಲಿ ಕಾಣಿಸಿಕೊಂಡದ್ದರ ಹಿಂದೆ ಈ ಲೆಕ್ಕಾಚಾರವೇ ಇದ್ದಂತಿದೆ. 1977ರ ಧ್ವನಿಮುದ್ರಣಗಳಿಗೆ ಆ ಗಡುವು 2027ರ ಅಂತ್ಯಕ್ಕೆ ಬರುತ್ತದೆ.

1977ರ ಪ್ರವಾಸದ ಮಹತ್ವ ಅಭಿಮಾನಿಗಳಿಗೆ ಗೊತ್ತೇ ಇದೆ. ಜನವರಿಯಲ್ಲಿ ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಆರಂಭವಾಗಿ ಜುಲೈ 6ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಮುಗಿದ ಆ ಪ್ರವಾಸದಲ್ಲಿ ಕಛೇರಿಯ ಮೊದಲರ್ಧದಲ್ಲಿ ‘ಅನಿಮಲ್ಸ್’ ಇಡಿಯಾಗಿ ನುಡಿಯುತ್ತಿತ್ತು, ಎರಡನೆಯ ಗಿಟಾರ್ ಹಿಡಿದವರು ಇದೇ ಸ್ನೋಯಿ ವೈಟ್. ಮಾಂಟ್ರಿಯಲ್‌ನಲ್ಲಿ ವಾಟರ್ಸ್ ಕೋಪದ ಭರದಲ್ಲಿ ಒಬ್ಬ ಪ್ರೇಕ್ಷಕನ ಮೇಲೆ ಉಗುಳಿದರು. ಆ ಪಶ್ಚಾತ್ತಾಪದಿಂದಲೇ ‘ದ ವಾಲ್’ ಮೊಳೆಯಿತು. ಇಂಥ ಪ್ರವಾಸದ ಒಂದು ಪೂರ್ಣ ಕಛೇರಿಯೂ ಅಧಿಕೃತ ಆಲ್ಬಮ್ ಆಗಿಲ್ಲ. ಪ್ರೇಕ್ಷಕರು ಕದ್ದುಮುಚ್ಚಿ ಮುದ್ರಿಸಿಕೊಂಡ ಟೇಪುಗಳೇ ಕೈಯಿಂದ ಕೈಗೆ ಸಾಗಿವೆ. ಅಂಥ ಟೇಪುಗಳಿಗೂ ಈಗ ಬಾಗಿಲು ತೆರೆದಿದೆ. ಮೈಕ್ ಮಿಲರ್ಡ್ ಎಂಬ ಅಮೆರಿಕದ ಅಭಿಮಾನಿ ಗಾಲಿಕುರ್ಚಿಯಲ್ಲಿ ಉಪಕರಣಗಳನ್ನು ಬಚ್ಚಿಟ್ಟು ಕಛೇರಿಗಳಿಗೆ ಒಯ್ಯುತ್ತಿದ್ದರು. 1975ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅವರು ಮುದ್ರಿಸಿಕೊಂಡದ್ದನ್ನೇ ಸಂಗೀತಗಾರ ಸ್ಟೀವನ್ ವಿಲ್ಸನ್ ಶುದ್ಧಗೊಳಿಸಿ ‘ವಿಶ್ ಯು ವರ್ ಹಿಯರ್’ನ 50ನೆಯ ವರ್ಷದ ಬಾಕ್ಸಿಗೆ ಸೇರಿಸಿದ್ದಾರೆ.

ಕಳೆದುಹೋಯಿತೆಂದುಕೊಂಡ ಟೇಪು ಮರಳಿ ಸಿಕ್ಕ ಉದಾಹರಣೆಯೂ ಇದೆ. ‘ವಿಶ್ ಯು ವರ್ ಹಿಯರ್’ ಹಾಡಿಗೆ ಸ್ಟೆಫಾನ್ ಗ್ರಾಪೆಲ್ಲಿ ಪಿಟೀಲು ನುಡಿಸಿದ ಆವೃತ್ತಿ ಅಳಿಸಿಹೋಗಿದೆ ಎಂದೇ ತಂಡದವರು ನಂಬಿದ್ದರು, ಆದರೆ 2011ರಲ್ಲಿ ಅದು ಹೊರಬಂತು. ನಮ್ಮ ಎಲ್. ಸುಬ್ರಮಣ್ಯಂ ಅವರೊಂದಿಗೆ ‘ಕಾನ್ವರ್ಸೇಷನ್ಸ್’ ಆಲ್ಬಮ್ ಮಾಡಿದ ಗ್ರಾಪೆಲ್ಲಿಯವರೇ ಇವರು.

ಪ್ರಶ್ನೆ: ‘ದ ಫೈನಲ್ ಕಟ್’ ಆಲ್ಬಮ್ಮಿಗೂ ಇಂಥ ಬಾಕ್ಸ್ ಬರಬಹುದೆ?
— ಮೈಸೂರಿನ ಓದುಗರು

ಉತ್ತರ: ಬರಲಿ ಎಂಬುದು ನನ್ನ ಹಾರೈಕೆ, ಆದರೆ ಅದು ಸರದಿಯ ಕೊನೆಯಲ್ಲಿ ಇರುತ್ತದೆ ಎನಿಸುತ್ತದೆ. 1983ರ ಈ ಆಲ್ಬಮ್ಮಿನ ವೇಳೆಗೆ ಕೀಬೋರ್ಡ್ ವಾದಕ ರಿಕ್ ರೈಟ್ ತಂಡದಲ್ಲಿರಲಿಲ್ಲ, ಗಿಲ್ಮೋರ್ ಅವರ ಹೆಸರು ನಿರ್ಮಾಪಕರ ಪಟ್ಟಿಯಿಂದ ಹೊರಗುಳಿಯಿತು, ಆಲ್ಬಮ್ಮಿಗಾಗಿ ಪ್ರವಾಸವೂ ನಡೆಯಲಿಲ್ಲ. ಹಾಗಾಗಿ ಬಾಕ್ಸಿಗೆ ಹಾಕಲು ಕಛೇರಿಯ ಧ್ವನಿಮುದ್ರಣವೇ ಇಲ್ಲ. ಅದೇ ವರ್ಷ ಬಂದ ನಾಲ್ಕು ಹಾಡುಗಳ ವಿಡಿಯೊ ಹಾಗೂ ಹೊಸ ಸರೌಂಡ್ (ಸುತ್ತಲಿನ ಸ್ಪೀಕರ್‌ಗಳಿಂದ ಕೇಳುವ) ಮಿಕ್ಸ್ ಸೇರಿಸಿದರೂ ಸಾಕು, ನನ್ನಂಥವರು ಕೊಳ್ಳುತ್ತೇವೆ.

ಪ್ರಶ್ನೆ: 2022ರ ‘ಅನಿಮಲ್ಸ್’ ಅನ್ನು ಈಗಲೇ ಕೊಳ್ಳಬೇಕೆ, ಕಾಯಬೇಕೆ? ರೀಮಿಕ್ಸ್ ಎಂದರೆ ರೀಮಾಸ್ಟರ್‌ಗಿಂತ ಬೇರೆಯೆ?
— ಶಿವಮೊಗ್ಗದ ಓದುಗರು

ಉತ್ತರ: ಬೇರೆಯೇ. ರೀಮಾಸ್ಟರ್ ಮಾಡುವಾಗ ಆಗಲೇ ಬೆರೆತು ಸಿದ್ಧವಾಗಿರುವ ಎರಡು ಚಾನೆಲ್‌ಗಳ ಟೇಪಿನ ಒಟ್ಟು ಧ್ವನಿಯನ್ನಷ್ಟೇ ತಿದ್ದಲು ಸಾಧ್ಯ. ರೀಮಿಕ್ಸ್ ಮಾಡುವವರು ಮಲ್ಟಿಟ್ರ್ಯಾಕ್ ಟೇಪಿಗೇ ಹಿಂದಿರುಗಿ ಪ್ರತಿ ವಾದ್ಯವನ್ನೂ ಬಿಡಿಯಾಗಿ ಎತ್ತಿಕೊಂಡು ಅದರ ಮಟ್ಟ, ಸ್ಥಾನ, ಅನುರಣನಗಳನ್ನು ಹೊಸದಾಗಿ ನಿರ್ಧರಿಸುತ್ತಾರೆ. ‘ಅನಿಮಲ್ಸ್’ ಧ್ವನಿಮುದ್ರಣವಾದದ್ದು ತಂಡದ ಸ್ವಂತ ಬ್ರಿಟಾನಿಯಾ ರೋ ಸ್ಟುಡಿಯೊದಲ್ಲಿ, ಮೂಲ ಮಿಕ್ಸ್ ಒಣಗಿದಂತೆ, ಇಕ್ಕಟ್ಟಾದಂತೆ ಕೇಳುತ್ತದೆ. ಗಥ್ರಿ ಅವರ ಮಿಕ್ಸ್‌ನಲ್ಲಿ ನಿಕ್ ಮೇಸನ್ ಅವರ ಡ್ರಮ್‌ಗೆ ಮೈ ಬಂದಿದೆ. ‘ಶೀಪ್’ನ ಆರಂಭದಲ್ಲಿ ರೈಟ್ ನುಡಿಸುವ ಎಲೆಕ್ಟ್ರಿಕ್ ಪಿಯಾನೊದ ಒಂದೊಂದು ಸ್ವರದ ಸುತ್ತಲೂ ಈಗ ಗಾಳಿಯಾಡುತ್ತದೆ. ಮೂಲದ ಬಿರುಸೇ ಈ ಹಾಡುಗಳಿಗೆ ಒಪ್ಪುತ್ತದೆ ಎನ್ನುವವರೂ ಇದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಮುಂದೆ ಯಾವ ಬಾಕ್ಸ್ ಬಂದರೂ ಇದೇ ಮಿಕ್ಸ್ ಅದರಲ್ಲಿ ಇರುವ ಸಾಧ್ಯತೆ ಹೆಚ್ಚು. ಆದ್ದರಿಂದ ದುಬಾರಿ ಡಿಲಕ್ಸ್ ಪ್ರತಿಗೆ ಹಣ ಸುರಿಯದೆ, ಮನೆಯಲ್ಲಿ ಪ್ಲೇಯರ್ ಇದ್ದರೆ ಬ್ಲೂ-ರೇ ಒಂದನ್ನೇ ಕೊಳ್ಳಿ. ಹೊಸ ಸ್ಟೀರಿಯೊ, ಸರೌಂಡ್ ಮಿಕ್ಸ್‌ಗಳ ಜೊತೆಗೆ 1977ರ ಮೂಲ ಮಿಕ್ಸ್ ಕೂಡ ಅದರಲ್ಲಿ ಇರುವುದರಿಂದ ಎರಡನ್ನೂ ಒಂದರ ನಂತರ ಒಂದು ಕೇಳಿ ನೀವೇ ತೀರ್ಮಾನಿಸಬಹುದು.