ಕುಕ್ಕರ್ ಕೂಗು ಹೋಯ್ತು, ತಂಬೂರಿಯೂ ಹೋಯ್ತು: ಆನ್‌ಲೈನ್ ಮೀಟಿಂಗ್‌ನಲ್ಲಿ ಎಐ

ಈ ಸಲ ಮುಂಬೈ, ಪುಣೆ, ಗೋವಾದ ಕನ್ನಡಿಗರ ಪತ್ರಗಳೇ ಜಾಸ್ತಿ. ಹೆಚ್ಚಿನವರು ಕೇಳಿರುವುದು ವಿಡಿಯೊ ಮೀಟಿಂಗ್ ಬಗ್ಗೆ. ಅದರೊಳಗೆ ಬಂದು ಕೂತಿರುವ ಎಐಯನ್ನು ಎಷ್ಟು ನಂಬಬಹುದು ಅಂತ. ನಾಲ್ಕು ಪತ್ರ ಆರಿಸಿದ್ದೇನೆ.

ಪ್ರಶ್ನೆ: ಮೇಡಂ, ಡೊಂಬಿವಲಿಯಲ್ಲಿ ನಮ್ಮದು ಪುಟ್ಟ ಮನೆ. ಹಾಲ್‌ಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಮೀಟಿಂಗ್ ಹೊತ್ತಿಗೇ ಅತ್ತೆ ಕುಕ್ಕರ್ ಇಡ್ತಾರೆ, ಆಚೆ ಲೋಕಲ್ ರೈಲಿನ ಹಾರ್ನ್. ದುಬಾರಿ ಹೆಡ್‌ಫೋನ್ ಕೊಳ್ಳಲೇಬೇಕಾ?

ಉತ್ತರ: ಬೇಡ. ಮೊದಲು ಇರುವುದನ್ನೇ ಸರಿಯಾಗಿ ಬಳಸಿ ನೋಡಿ.

ಹಿಂದೆ ಗದ್ದಲ ತೆಗೆಯುವ ಸಾಫ್ಟ್‌ವೇರ್‌ಗೆ ಫ್ಯಾನಿನ ಹಾಗೆ ಒಂದೇ ಸಮ ಬರುವ ಸದ್ದು ಮಾತ್ರ ಹಿಡಿಯೋಕೆ ಬರುತ್ತಿತ್ತು. ಕುಕ್ಕರ್ ಒಮ್ಮೆಲೇ ಕೂಗಿದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಈಗಿನದನ್ನು ತಯಾರು ಮಾಡುವ ರೀತಿಯೇ ಬೇರೆ. ಒಳ್ಳೆಯ ಮಾತಿನ ರೆಕಾರ್ಡಿಂಗ್‌ಗೆ ಹಾರ್ನ್, ನಾಯಿ ಬೊಗಳುವುದು, ಕೀಬೋರ್ಡ್ ಕುಟ್ಟುವುದು, ಪಾತ್ರೆ ಬೀಳುವುದು ಎಲ್ಲ ಬೆರೆಸಿ, ಇದರಲ್ಲಿ ಮಾತು ಯಾವುದು ಹೇಳು ಅಂತ ಗಂಟೆಗಟ್ಟಲೆ ಕೇಳಿಸಿ ಕಲಿಸಿರುತ್ತಾರೆ. ಆಮೇಲೆ ಅದು ನಿಮ್ಮ ಮೈಕ್‌ನಿಂದ ಬರುವ ಸದ್ದನ್ನು ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕ ತುಣುಕುಗಳಾಗಿ ಕತ್ತರಿಸಿ, ಮಾತಿನ ಭಾಗ ಮಾತ್ರ ಮುಂದಕ್ಕೆ ಬಿಡುತ್ತದೆ. ಗೂಗಲ್ ಮೀಟ್‌ಗೆ ಇದು 2020ರಲ್ಲೇ ಬಂತು. ಝೂಮ್, ಟೀಮ್ಸ್‌ನಲ್ಲೂ ಇದೆ. ಆಡಿಯೊ ಸೆಟ್ಟಿಂಗ್ ತೆಗೆದು ನಾಯ್ಸ್ ಕಡಿಮೆ ಮಾಡುವ ಆಯ್ಕೆ ಹುಡುಕಿ, ಆನ್ ಮಾಡಿ. ಕುಕ್ಕರ್ ನಿಮ್ಮ ಕಿವಿಗೆ ಕೇಳುತ್ತಲೇ ಇರುತ್ತದೆ, ಆ ಕಡೆಯವರಿಗೆ ಹೆಚ್ಚೂಕಡಿಮೆ ಕೇಳುವುದೇ ಇಲ್ಲ.

ಆದರೆ ಅತ್ತೆ ಮಾತಾಡಿದರೆ? ಅದೂ ಮಾತೇ ಅಲ್ವಾ, ಹಾಗಾಗಿ ಅದನ್ನೂ ದಾಟಿಸಿಬಿಡುತ್ತದೆ. ಟಿವಿಯ ಧಾರಾವಾಹಿಯೂ ಅಷ್ಟೆ. ಟೀಮ್ಸ್‌ನಲ್ಲಿ ವಾಯ್ಸ್ ಐಸೋಲೇಶನ್ ಅಂತ ಇದೆ. ಅದಕ್ಕೆ ಮೊದಲೇ ನಿಮ್ಮ ದನಿಯ ಮಾದರಿ ಕೊಟ್ಟರೆ ನಿಮ್ಮೊಬ್ಬರ ದನಿ ಮಾತ್ರ ಉಳಿಸಿಕೊಳ್ಳುತ್ತದೆ. ಅದು ಇಲ್ಲದಿದ್ದರೆ ವೈರ್ ಇರುವ ಸಾದಾ ಇಯರ್‌ಫೋನ್ ಸಾಕು. ಮೈಕ್ ಬಾಯಿಗೆ ಹತ್ತಿರ ಇದ್ದಷ್ಟೂ ಎಐಗೆ ಕೆಲಸ ಸುಲಭ.

ಪ್ರಶ್ನೆ: ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದೇನೆ, ಊರು ಹುಬ್ಬಳ್ಳಿ. ನಮ್ಮ ಮೀಟಿಂಗ್‌ನಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಎಲ್ಲ ಕಲಸಿಕೊಂಡಿರುತ್ತವೆ. ನಾನು "ಬುಧವಾರ ಡೇಟಾ ಕೊಟ್ಟರೆ ಶುಕ್ರವಾರ ಮುಗಿಸ್ತೀನಿ, ಇಲ್ಲಾಂದ್ರೆ ಆಗಲ್ಲ" ಅಂದಿದ್ದೆ. ಎಐ ಬರೆದ ಸಾರಾಂಶದಲ್ಲಿ ಶುಕ್ರವಾರ ಮುಗಿಸಲು ಒಪ್ಪಿದ್ದಾರೆ ಅಂತಷ್ಟೇ ಇತ್ತು. ಡೇಟಾ ಬಂದಿದ್ದು ಗುರುವಾರ ಸಂಜೆ. ಬೈಸಿಕೊಂಡಿದ್ದು ನಾನು. ಈ ನೋಟ್ಸ್ ಬೇಡ ಅಂತ ಹೇಳಲಾ?

ಉತ್ತರ: ಓದಿ ಬೇಜಾರಾಯಿತು. ನಿಮ್ಮ ತಪ್ಪೇನೂ ಇಲ್ಲ. ಆದರೆ ನೋಟ್ಸ್ ಬೇಡ ಅನ್ನಬೇಡಿ, ಅದು ತಯಾರಾಗುವ ದಾರಿ ತಿಳಿದುಕೊಳ್ಳಿ.

ಅಲ್ಲಿ ಮೂರು ಕೆಲಸ ನಡೆಯುತ್ತವೆ. ಮಾತನ್ನು ಅಕ್ಷರಕ್ಕೆ ಇಳಿಸುವುದು, ಯಾವ ಮಾತು ಯಾರದ್ದು ಅಂತ ಗುರುತಿಸುವುದು, ಕೊನೆಗೆ ಅಷ್ಟನ್ನೂ ಓದಿ ಚಿಕ್ಕದು ಮಾಡುವುದು. ಮೂರರಲ್ಲೂ ಎಡವಬಹುದು.

ಮೊದಲನೆಯದರಲ್ಲಿ ಭಾಷೆಯ ತೊಂದರೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ 2022ರಲ್ಲಿ ಬಿಟ್ಟ, ಮಾತನ್ನು ಅಕ್ಷರಕ್ಕೆ ಇಳಿಸುವ ವಿಸ್ಪರ್ ಎಂಬ ಎಐ 6,80,000 ಗಂಟೆಗಳ ಆಡಿಯೊ ಕೇಳಿ ಕಲಿತದ್ದು, ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಇಂಗ್ಲಿಷೇ. ಉಳಿದ ಸ್ವಲ್ಪದರಲ್ಲಿ ಹತ್ತಾರು ಭಾಷೆಗಳು ಹಂಚಿಕೊಂಡಿವೆ. ಹೀಗಿರುವಾಗ ಒಂದೇ ವಾಕ್ಯದಲ್ಲಿ ಮೂರು ಭಾಷೆ ಬಂದರೆ ತಡವರಿಸದೆ ಇರುತ್ತದಾ? ಇನ್ನೊಂದು ಸಂಗತಿ ನನಗೆ ನಿಜವಾಗಿಯೂ ಚಿಂತೆ ತಂದದ್ದು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇದೇ ವಿಸ್ಪರ್ ಬರೆದುಕೊಟ್ಟ ತುಣುಕುಗಳಲ್ಲಿ ಶೇ 1ರಷ್ಟರಲ್ಲಿ ಯಾರೂ ಆಡದ ಮಾತುಗಳೇ ಸೇರಿಕೊಂಡಿದ್ದವು. ಮಾತಿನ ನಡುವೆ ತಡೆದು ತಡೆದು ನಿಲ್ಲಿಸುವವರ ಆಡಿಯೊದಲ್ಲಿ ಅದು ಇನ್ನೂ ಜಾಸ್ತಿ ಇತ್ತು.

ಎರಡನೆಯದಕ್ಕೆ ನಿಮ್ಮ ಆಫೀಸಿನ ಮೀಟಿಂಗ್ ರೂಮೇ ಸಾಕ್ಷಿ. ಐದು ಜನ ಒಂದೇ ಮೈಕ್ ಸುತ್ತ ಕೂತರೆ, ಎಷ್ಟೋ ಕಡೆ ನೋಟ್ಸ್‌ನಲ್ಲಿ ಐವರ ಮಾತೂ ಆ ರೂಮಿನ ಹೆಸರಿಗೇ ಬೀಳುತ್ತದೆ. ಸಾಧ್ಯವಿದ್ದರೆ ಒಬ್ಬೊಬ್ಬರೂ ಅವರವರ ಲ್ಯಾಪ್‌ಟಾಪ್‌ನಿಂದ, ಇಯರ್‌ಫೋನ್ ಹಾಕಿಕೊಂಡು ಸೇರಿ.

ನಿಮಗೆ ಪೆಟ್ಟು ಬಿದ್ದದ್ದು ಮೂರನೆಯದರಲ್ಲಿ. ಚಿಕ್ಕದು ಮಾಡು ಅಂದಾಗ ಎಐ ಮೊದಲು ಕೈಬಿಡುವುದು "ಆದರೆ", "ಕೊಟ್ಟರೆ", "ಇಲ್ಲಾಂದ್ರೆ" ಇಂಥವನ್ನೇ. ನಮ್ಮ ಕೆಲಸದಲ್ಲಿ ಜೀವ ಇರುವುದೇ ಆ ಮಾತುಗಳಲ್ಲಿ. ನನ್ನ ತಂಡದಲ್ಲೂ ಒಮ್ಮೆ ಹೀಗಾಗಿತ್ತು. ಆವತ್ತಿನಿಂದ ಕೊನೆಯ ಮೂರು ನಿಮಿಷ ತೆಗೆದಿಡುತ್ತೇವೆ. ಒಬ್ಬೊಬ್ಬರೂ ತಮ್ಮ ಕೆಲಸವನ್ನು ಒಂದೇ ಭಾಷೆಯಲ್ಲಿ, ಹೆಸರು ಮತ್ತು ದಿನ ಸೇರಿಸಿ, ಷರತ್ತನ್ನು ಮೊದಲು ಇಟ್ಟು ಹೇಳುತ್ತಾರೆ. "ಬುಧವಾರದೊಳಗೆ ಡೇಟಾ ಬರದಿದ್ದರೆ ಶುಕ್ರವಾರ ಆಗುವುದಿಲ್ಲ." ಇಷ್ಟು ನೇರವಾಗಿ ಹೇಳಿದರೆ ಎಐಗೂ ಬಿಡುವುದು ಕಷ್ಟ. ಆಮೇಲೆ ಒಬ್ಬರು, ವಾರಕ್ಕೊಬ್ಬರಂತೆ ಸರದಿಯಲ್ಲಿ, ನೋಟ್ಸ್ ಓದಿ ತಿದ್ದಿದ ಮೇಲೇ ಎಲ್ಲರಿಗೂ ಹೋಗಬೇಕು. ಹತ್ತು ನಿಮಿಷದ ಕೆಲಸ. ನೆನಪು ಬಿಸಿ ಇರುವಾಗಲೇ ಮಾಡಿ, ಮರುದಿನಕ್ಕೆ ಬಿಟ್ಟರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಇದನ್ನು ನಿಮ್ಮ ಮ್ಯಾನೇಜರ್‌ಗೆ ದೂರಿನ ಹಾಗೆ ಹೇಳದೆ, "ಮುಂದಿನ ವಾರದಿಂದ ಹೀಗೆ ಮಾಡೋಣ್ವಾ" ಅಂತ ಕೇಳಿ.

ಇಷ್ಟೆಲ್ಲ ಹೇಳಿದರೂ ನಾನು ಈ ನೋಟ್ಸ್ ಪರವೇ. ಮೊದಲು ಯಾರಾದರೂ ಒಬ್ಬರು, ಸಾಮಾನ್ಯವಾಗಿ ತಂಡದ ಚಿಕ್ಕ ಹುಡುಗಿಯೇ, ತಲೆ ತಗ್ಗಿಸಿ ಬರೆಯುತ್ತಾ ಕೂರಬೇಕಿತ್ತು. ಅವಳಿಗೆ ಮಾತಾಡೋಕೆ ಸಮಯವೇ ಸಿಗುತ್ತಿರಲಿಲ್ಲ. ಈಗ ಅವಳೂ ಮಾತಾಡುತ್ತಾಳೆ. ಅಮೆರಿಕದವರಿಗಾಗಿ ರಾತ್ರಿ ಹನ್ನೊಂದಕ್ಕೆ ಇಡುವ ಮೀಟಿಂಗ್‌ಗೆ ಬರಲಾಗದ ಬಾಣಂತಿ, ಬೆಳಗ್ಗೆ ಎದ್ದು ಓದಿಕೊಳ್ಳುತ್ತಾಳೆ.

ಪ್ರಶ್ನೆ: ಧಾರವಾಡದಿಂದ ಬಂದು ಪುಣೆಯ ಕೋಥರೂಡ್‌ನಲ್ಲಿ ನೆಲೆಸಿದ್ದೇನೆ. ಆನ್‌ಲೈನ್‌ನಲ್ಲಿ ಮಕ್ಕಳಿಗೆ ಹಿಂದೂಸ್ತಾನಿ ಹಾಡುಗಾರಿಕೆ ಹೇಳಿಕೊಡುತ್ತೇನೆ. ನಾನು ತಂಬೂರಿ ಹಚ್ಚಿಟ್ಟರೂ ಸ್ವಲ್ಪ ಹೊತ್ತಿಗೆ ಮಕ್ಕಳಿಗೆ ಅದು ಕೇಳುವುದೇ ಇಲ್ಲವಂತೆ. ಇಂಟರ್‌ನೆಟ್ ತೊಂದರೆಯಾ?

ಉತ್ತರ: ಅಲ್ಲ ಸರ್, ಇಂಟರ್‌ನೆಟ್ ಪಾಪ ಸುಮ್ನೆ ಇದೆ. ಮೊದಲನೇ ಪತ್ರದವರ ಕುಕ್ಕರ್ ಕೂಗು ತೆಗೆಯುವ ಎಐಯೇ ನಿಮ್ಮ ತಂಬೂರಿಯನ್ನೂ ತೆಗೆಯುತ್ತಿದೆ. ನಿಲ್ಲದೆ ನುಡಿಯುವ ಶ್ರುತಿ ಅದರ ಲೆಕ್ಕಕ್ಕೆ ಫ್ಯಾನಿನ ಸದ್ದು. ಝೂಮ್ ಆದರೆ ಆಡಿಯೊ ಸೆಟ್ಟಿಂಗ್‌ನಲ್ಲಿ "ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್" ಇದೆ, ಅದನ್ನು ಆನ್ ಮಾಡಿ. ಮೀಟ್ ಆದರೆ ನಾಯ್ಸ್ ಕ್ಯಾನ್ಸಲೇಶನ್ ಆಫ್ ಮಾಡಿ. ಮಕ್ಕಳ ಕಡೆಯಲ್ಲೂ ಇದನ್ನೇ ಮಾಡಿಸಿ, ಇಲ್ಲದಿದ್ದರೆ ಅವರು ಹಿಡಿದ ಉದ್ದನೆಯ ಷಡ್ಜ ನಿಮಗೆ ನಡುವೆ ಕಡಿದು ಕೇಳುತ್ತದೆ, ಉಸಿರು ಸಾಲದೆ ಬಿಟ್ಟರೇನೋ ಅಂತ ನೀವು ಅವರನ್ನು ಸುಮ್ಮನೆ ತಿದ್ದುತ್ತೀರಿ. ಇಬ್ಬರೂ ಇಯರ್‌ಫೋನ್ ಹಾಕಿಕೊಳ್ಳಿ, ದನಿ ಮರಳಿ ಬಾರದು.

ಪ್ರಶ್ನೆ: ಗೋವಾದ ಮಡಗಾಂವ್‌ನಲ್ಲಿ ಅಣ್ಣ ಮತ್ತು ನಾನು ಚಿಕ್ಕ ಟ್ರಾನ್ಸ್‌ಪೋರ್ಟ್ ಆಫೀಸ್ ನಡೆಸುತ್ತೇವೆ. ಗಿರಾಕಿಗಳ ಜೊತೆ ವಿಡಿಯೊ ಕಾಲ್ ಮಾಡುವಾಗ ನೋಟ್ಸ್ ಬರೆಯುವ ಉಚಿತ ಆ್ಯಪ್ ಹಾಕಿಕೊಂಡಿದ್ದೇವೆ. ಅವರಿಗೆ ಹೇಳಲೇಬೇಕಾ?

ಉತ್ತರ: ಹೇಳಲೇಬೇಕು, ಅದೂ ಕಾಲ್ ಶುರುವಾಗುವ ಮೊದಲೇ. ಅವರ ಮಾತು, ಫೋನ್ ನಂಬರ್, ಬಾಡಿಗೆ ದರ ಎಲ್ಲ ಇನ್ಯಾರದೋ ಸರ್ವರ್‌ಗೆ ಹೋಗುತ್ತವೆ. ನಮ್ಮಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಾನೂನು ಹಾಗಿರಲಿ, ನಿಮ್ಮ ವ್ಯಾಪಾರ ನಡೆಯುವುದೇ ನಂಬಿಕೆಯ ಮೇಲೆ. ಉಚಿತ ಆ್ಯಪ್‌ನ ಷರತ್ತುಗಳನ್ನು ಒಮ್ಮೆ ಕೂತು ಓದಿ. ನಿಮ್ಮ ಮಾತನ್ನು ಎಐಗೆ ಕಲಿಸಲು ಬಳಸುತ್ತೇವೆ ಅಂತ ಅದರಲ್ಲಿದ್ದರೆ, ಬೇಡ ಅನ್ನುವ ಆಯ್ಕೆ ಹುಡುಕಿ. ಅದು ಇಲ್ಲದಿದ್ದರೆ ಆ್ಯಪ್ ತೆಗೆದುಹಾಕಿ. "ನೋಟ್ಸ್‌ಗೆ ಎಐ ಹಾಕಿದ್ದೀವಿ, ನಡೆಯುತ್ತಲ್ಲ?" ಅಂತ ಕೇಳಿದರೆ ಹೆಚ್ಚಿನವರು ಹೂಂ ಅನ್ನುತ್ತಾರೆ. ಯಾರಾದರೂ ಬೇಡ ಅಂದರೆ ಆಫ್ ಮಾಡಿ, ಡೈರಿ ತೆಗೆದು ಕೈಯಲ್ಲೇ ಬರೆದುಕೊಳ್ಳಿ.