ಕಡಲಿಲ್ಲದ ಜಿಲ್ಲೆಗೂ ಹಡಗು ತೆರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್‌ಗೂ (ಆಳ್ವಿಕೆ 1625–1649) ಅಲ್ಲಿನ ಸಂಸತ್ತಿಗೂ ನಡೆದ ಜಗಳದ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪತ್ರಗಳಲ್ಲಿ ಆಯ್ದ ಕೆಲವು ಇಲ್ಲಿವೆ. ಬರೆದವರಲ್ಲಿ ಪದವಿ, ಕೆಎಎಸ್ ಪರೀಕ್ಷೆಗೆ ಓದುವವರೇ ಹೆಚ್ಚು. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಒಂದೇ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ರಾಜಾ ಅಂದ ಮ್ಯಾಲ ತೆರಿಗಿ ಹಾಕೂ ಹಕ್ಕ ಇರಂಗಿಲ್ಲೇನ್ರಿ? ಸಂಸತ್ತಿನ ಮುಂದ ಹೋಗಿ ಕೈ ಚಾಚೂದು ಯಾಕ? (ಜೇವರ್ಗಿಯ ಓದುಗರು)

ಕೆಲವು ಆದಾಯದ ಮೇಲೆ ಪೂರ್ತಿ ಹಕ್ಕಿತ್ತು, ಎಲ್ಲದರ ಮೇಲೂ ಇರಲಿಲ್ಲ. ನಿಮ್ಮ ಭಾಗದ ಹಿರಿಯರು ನಿಜಾಮರ ಕಾಲದ ‘ಸರ್ಫ್-ಎ-ಖಾಸ್’ ಮಾತು ಕೇಳಿರುತ್ತಾರೆ. ಅರಸನ ಸ್ವಂತ ಖರ್ಚಿನ ಜಮೀನು ಬೇರೆ, ಸರ್ಕಾರದ ದಿವಾನಿ ಜಮೀನು ಬೇರೆ. ಇಂಗ್ಲೆಂಡಿನಲ್ಲಿಯೂ ಗೆರೆ ಒಂದಿತ್ತು, ಎಳೆದ ಜಾಗ ಬೇರೆ. ದೊರೆ ತನ್ನ ಜಮೀನುಗಳ ಗೇಣಿ, ಕೋರ್ಟಿನ ದಂಡ, ಬಂದರಿನ ಸುಂಕ ಇವುಗಳಲ್ಲೇ ಅರಮನೆ, ಆಡಳಿತ ಎರಡನ್ನೂ ತೂಗಿಸಬೇಕು. ಯುದ್ಧದಂಥ ದೊಡ್ಡ ಖರ್ಚು ಎದುರಾದರೆ ಮಾತ್ರ ಸಂಸತ್ತು ಕರೆದು ‘ಸಬ್ಸಿಡಿ’ ಎಂಬ ತೆರಿಗೆಗೆ ಒಪ್ಪಿಗೆ ಪಡೆಯಬೇಕು.

ಈ ಸಬ್ಸಿಡಿಯ ದರ ಕಾಗದದ ಮೇಲೆ ಜೋರಾಗಿತ್ತು. ಒಂದು ಪೌಂಡಿಗೆ 20 ಷಿಲ್ಲಿಂಗ್, ಒಂದು ಷಿಲ್ಲಿಂಗಿಗೆ 12 ಪೆನ್ನಿ. ಜಮೀನಿನ ವರಮಾನದ ಪ್ರತಿ ಪೌಂಡಿಗೆ 4 ಷಿಲ್ಲಿಂಗ್, ಅಂದರೆ ಐದರಲ್ಲಿ ಒಂದು ಪಾಲು. ಚರಾಸ್ತಿಯಾದರೆ ಪೌಂಡಿಗೆ 2 ಷಿಲ್ಲಿಂಗ್ 8 ಪೆನ್ನಿ. ಆದರೆ ಯಾರ ವರಮಾನ ಎಷ್ಟು ಎಂದು ಬರೆದುಕೊಳ್ಳುತ್ತಿದ್ದವರು ಅದೇ ಜಿಲ್ಲೆಯ ದೊಡ್ಡ ಜಮೀನುದಾರರು. ತಮ್ಮದನ್ನೂ ತಮ್ಮ ನೆಂಟರದನ್ನೂ ಅವರು ಎಷ್ಟು ಕಡಿಮೆ ತೋರಿಸಿದರೆಂದರೆ, 1628ರ ಹೊತ್ತಿಗೆ ಇಡೀ ದೇಶದಿಂದ ಒಂದು ಸಬ್ಸಿಡಿಗೆ ಬಂದದ್ದು ಸುಮಾರು 55 ಸಾವಿರ ಪೌಂಡ್ ಮಾತ್ರ. ಇತ್ತ ಬೆಲೆಗಳು ಏರಿದ್ದವು, ಸ್ಪೇನ್ ಮತ್ತು ಫ್ರಾನ್ಸ್ ಎರಡರ ಮೇಲೂ ಯುದ್ಧ ನಡೆದಿತ್ತು. ಖಜಾನೆ ನಿಜಕ್ಕೂ ಬರಿದಾಗಿತ್ತು. ಚಾರ್ಲ್ಸ್‌ನನ್ನು ಬರೀ ದುರಾಸೆಯ ದೊರೆ ಎಂದು ಬರೆದು ಮುಗಿಸುವ ಗೈಡುಗಳು ಈ ಲೆಕ್ಕ ಕೊಡುವುದೇ ಇಲ್ಲ.

ಪ್ರಶ್ನೆ: ಟನೇಜ್, ಪೌಂಡೇಜ್ ಎಂದರೆ ಏನು? ಅದನ್ನು ವ್ಯಾಪಾರಿಗಳು ಏಕೆ ವಿರೋಧಿಸಿದರು? (ಕಲಬುರಗಿಯ ತೊಗರಿ ವ್ಯಾಪಾರಿ)

ಎರಡೂ ಬಂದರಿನ ಸುಂಕ. ಟನೇಜ್ ಎಂದರೆ ದ್ರಾಕ್ಷಾರಸದ ದೊಡ್ಡ ಪೀಪಾಯಿಯ ಲೆಕ್ಕದಲ್ಲಿ ವಸೂಲಿ ಮಾಡುವುದು. ಪೌಂಡೇಜ್ ಎಂದರೆ ಉಳಿದ ಸರಕಿನ ಬೆಲೆಯ ಮೇಲೆ ಪೌಂಡಿಗೆ 12 ಪೆನ್ನಿ, ಅಂದರೆ ಶೇ 5. ಹೊಸ ದೊರೆ ಪಟ್ಟಕ್ಕೆ ಬಂದಾಗ ಮೊದಲ ಸಂಸತ್ತು ಇದನ್ನು ಅವನ ಜೀವಮಾನಕ್ಕೆಲ್ಲ ಬರೆದುಕೊಡುವುದು ಹದಿನೈದನೇ ಶತಮಾನದಿಂದ ನಡೆದು ಬಂದ ವಾಡಿಕೆ. 1625ರಲ್ಲಿ ಕೆಳಮನೆ ‘ಒಂದು ವರ್ಷಕ್ಕೆ ಮಾತ್ರ’ ಎಂದಿತು. ಮೇಲ್ಮನೆಯಲ್ಲಿ ಆ ಮಸೂದೆ ಅಂಗೀಕಾರವೇ ಆಗಲಿಲ್ಲ. ಚಾರ್ಲ್ಸ್ ಮಾತ್ರ ವಸೂಲಿ ನಿಲ್ಲಿಸಲಿಲ್ಲ.

ಕೆಳಮನೆಯ ಅನುಮಾನಕ್ಕೆ ಹಳೆಯ ಕಾರಣವಿತ್ತು. 1606ರಲ್ಲಿ ಜಾನ್ ಬೇಟ್ ಎಂಬ ವ್ಯಾಪಾರಿ ಒಣದ್ರಾಕ್ಷಿಯ ಮೇಲಿನ ಹೆಚ್ಚುವರಿ ಸುಂಕ ಕೊಡೆನೆಂದಾಗ, ವ್ಯಾಪಾರವನ್ನು ನಿಯಂತ್ರಿಸಲು ದೊರೆ ಸ್ವಂತ ಅಧಿಕಾರದಿಂದ ಸುಂಕ ಹಾಕಬಹುದು ಎಂದು ಕೋರ್ಟು ಹೇಳಿತ್ತು. ಆ ಬಾಗಿಲು ತೆರೆದ ಮೇಲೆ ಯಾವ ಸರಕಿಗೆ ಎಷ್ಟು ಎನ್ನುವುದಕ್ಕೆ ಮಿತಿಯೇ ಉಳಿಯಲಿಲ್ಲ.

ಸುಂಕ ಕೊಡದವರ ಸರಕನ್ನು ಅಧಿಕಾರಿಗಳು ಕಟ್ಟೆಯಲ್ಲೇ ತಡೆಹಿಡಿಯುತ್ತಿದ್ದರು. ಸರಕು ಗೋದಾಮಿನಲ್ಲಿ ಕೂತರೆ ವ್ಯಾಪಾರಿಯ ಗತಿ ಏನು ಎಂದು ನಿಮಗೆ ಹೇಳಬೇಕಿಲ್ಲ. 1628ರಲ್ಲಿ ರಿಚರ್ಡ್ ಚೇಂಬರ್ಸ್ ಎಂಬ ಲಂಡನ್ ವ್ಯಾಪಾರಿ, ಇಲ್ಲಿನಷ್ಟು ಹಿಂಡುವವರು ಜಗತ್ತಿನಲ್ಲಿ ಎಲ್ಲಿಯೂ ಇಲ್ಲ, ತುರ್ಕಿಯಲ್ಲೇ ವ್ಯಾಪಾರಿಗೆ ಹೆಚ್ಚು ಆಸರೆ ಇದೆ ಎಂದು ದೊರೆಯ ಮಂತ್ರಾಲೋಚನಾ ಸಭೆಯ ಎದುರಿಗೇ ಹೇಳಿದ. ದೊರೆಯ ಮಂತ್ರಾಲೋಚಕರೇ ಕೂರುತ್ತಿದ್ದ ಸ್ಟಾರ್ ಚೇಂಬರ್ ನ್ಯಾಯಾಲಯ 2,000 ಪೌಂಡ್ ದಂಡ ಹಾಕಿತು. ತಪ್ಪೊಪ್ಪಿಗೆಗೆ ಸಹಿ ಮಾಡಲು ಒಪ್ಪದೆ ಆತ ವರ್ಷಗಟ್ಟಲೆ ಸೆರೆಯಲ್ಲಿದ್ದ.

ಪ್ರಶ್ನೆ: ‘ಹಡಗು ತೆರಿಗೆ’ಯಲ್ಲಿ ಕಾನೂನುಬಾಹಿರವಾದದ್ದು ಏನು? ಯುದ್ಧಕ್ಕೆ ಹಡಗು ಬೇಕಲ್ಲವೆ? (ಯಾದಗಿರಿಯ ಪದವಿ ವಿದ್ಯಾರ್ಥಿನಿ, ಇದೇ ಪ್ರಶ್ನೆ ಶಹಾಪುರ, ಚಿಂಚೋಳಿಯಿಂದಲೂ ಬಂದಿದೆ)

ಹಡಗು ತೆರಿಗೆ ಹೊಸದಾಗಿ ಹುಟ್ಟಿದ್ದಲ್ಲ. ಅಪಾಯ ಬಂದಾಗ ಕರಾವಳಿ ಪಟ್ಟಣಗಳಿಂದ ಹಡಗನ್ನೋ ಅದರ ಬದಲು ಹಣವನ್ನೋ ಪಡೆಯುವ ಅಧಿಕಾರ ದೊರೆಗಳಿಗೆ ಹಿಂದಿನಿಂದಲೂ ಇತ್ತು. 1634ರ ಅಕ್ಟೋಬರಿನಲ್ಲಿ ಚಾರ್ಲ್ಸ್ ಹೊರಡಿಸಿದ ಮೊದಲ ಆಜ್ಞೆ ಕರಾವಳಿಗಷ್ಟೇ ಸೀಮಿತ. ದೊಡ್ಡ ಗದ್ದಲವೇನೂ ಆಗಲಿಲ್ಲ. 1635ರಲ್ಲಿ ಅದು ಒಳನಾಡಿಗೂ ಬಂತು. ಭೀಮಾ ದಂಡೆಯ ಯಾದಗಿರಿಗೆ ಸಮುದ್ರದ ಹಡಗಿನ ಪಟ್ಟಿ ಕಳಿಸಿದ ಹಾಗೆ. ಕಡಲಿನ ಗಾಳಿಯೂ ಸೋಕದ ಬಕಿಂಗ್‌ಹ್ಯಾಮ್‌ಶೈರ್ ಜಿಲ್ಲೆಗೆ ಬಂದ ಆದೇಶ ಹೀಗಿತ್ತು: 450 ಟನ್ನಿನ ಒಂದು ಹಡಗು, 180 ಜನ, ಇಲ್ಲವೇ 4,500 ಪೌಂಡ್.

ವಸೂಲಿಯ ಕ್ರಮವನ್ನು ಗಮನವಿಟ್ಟು ನೋಡಿ, ಪರೀಕ್ಷೆಯಲ್ಲಿ ಅಂಕ ಸಿಗುವುದು ಅಲ್ಲೇ. ಆಜ್ಞೆ ಜಿಲ್ಲೆಯ ಷೆರೀಫನ ಹೆಸರಿಗೆ ಬರುತ್ತದೆ. ಜಿಲ್ಲೆ ಕೊಡಬೇಕಾದ ಒಟ್ಟು ಮೊತ್ತ ಮೊದಲೇ ನಿಗದಿ. ಷೆರೀಫ ಅದನ್ನು ತಾಲ್ಲೂಕಿನಂಥ ‘ಹಂಡ್ರೆಡ್’ಗಳಿಗೆ ಹಂಚುತ್ತಾನೆ, ಅಲ್ಲಿಂದ ಪ್ಯಾರಿಷ್‌ಗಳಿಗೆ, ಅಲ್ಲಿ ಊರಿನ ಕಾನ್‌ಸ್ಟೇಬಲ್ ಮನೆ ಮನೆಗೆ ಬರೆಯುತ್ತಾನೆ. ಕೊಡದಿದ್ದರೆ ದನವೋ ಪಾತ್ರೆಯೋ ಜಪ್ತಿ. ಬಾಕಿ ಉಳಿದರೆ ಷೆರೀಫನೇ ಹೊಣೆ. ಅವನ ಅವಧಿ ಒಂದೇ ವರ್ಷ, ಸಂಬಳವಿಲ್ಲ, ಹುದ್ದೆ ಬಿಟ್ಟ ಮೇಲೂ ಬಾಕಿ ಬೆನ್ನು ಬಿಡುವುದಿಲ್ಲ. ಸಬ್ಸಿಡಿಯಲ್ಲಿ ಜಮೀನುದಾರರು ಕೆಳಗಿನಿಂದ ಕಡಿಮೆ ಬರೆದರೆ ಮೇಲಿನ ಮೊತ್ತವೂ ಕುಸಿಯುತ್ತಿತ್ತು. ಇಲ್ಲಿ ಮೊತ್ತ ಮೇಲಿನಿಂದ ಇಳಿದು ಬರುವುದರಿಂದ ಆ ಆಟ ನಡೆಯಲಿಲ್ಲ. ಒಬ್ಬನ ಪಾಲು ತಗ್ಗಿದರೆ ನೆರೆಯವನ ಪಾಲು ಏರುತ್ತಿತ್ತು. ಅದಕ್ಕೇ ವರ್ಷಕ್ಕೆ ಸುಮಾರು 2 ಲಕ್ಷ ಪೌಂಡ್ ಬೇಡಿಕೆಯಲ್ಲಿ ಮೊದಲ ಕೆಲವು ವರ್ಷ ಶೇ 90ಕ್ಕೂ ಹೆಚ್ಚು ವಸೂಲಾಯಿತು. ಆಗ ಬಂದ ದೂರುಗಳಲ್ಲಿಯೂ ಹೆಚ್ಚಿನವು ‘ಪಕ್ಕದ ಊರಿಗೆ ಕಡಿಮೆ ಹಾಕಿದ್ದಾರೆ’ ಎಂಬ ಜಾತಿಯವು. ಹಿಂದೆಂದೂ ಸಬ್ಸಿಡಿ ಕೊಡದ ಬಡವರೂ ಈ ಪಟ್ಟಿಯೊಳಗೆ ಬಂದರು.

ಇನ್ನು ಕಾನೂನಿನ ಮಾತು. ದೊರೆಯ ಕಡೆಯ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಇದು ತೆರಿಗೆಯೇ ಅಲ್ಲ, ರಕ್ಷಣೆಯ ಸೇವೆಗೆ ಬದಲಿ ಹಣ. ಖಜಾನೆಗೆ ಹೋಗದೆ ನೇರ ನೌಕಾಪಡೆಯ ಖಜಾಂಚಿಗೆ ಸೇರುತ್ತದೆ. ಎರಡನೆಯದು ನಿಜವೂ ಹೌದು, ಹಣ ಹಡಗಿಗೇ ಖರ್ಚಾಯಿತು. ಹಾಗಾದರೆ ಅಪಾಯ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು? ದೊರೆಯೊಬ್ಬನೇ ಎಂದು 12 ನ್ಯಾಯಾಧೀಶರಿಂದ 1637ರ ಫೆಬ್ರವರಿಯಲ್ಲೇ, ಅಂದರೆ ಮೊಕದ್ದಮೆ ವಿಚಾರಣೆಗೆ ಬರುವ ಮೊದಲೇ, ಅಭಿಪ್ರಾಯ ಬರೆಸಿಕೊಂಡಿದ್ದರು. ಆ ಮೊಕದ್ದಮೆ ಹುಟ್ಟಿದ್ದು ಬಕಿಂಗ್‌ಹ್ಯಾಮ್‌ಶೈರ್‌ನ ಜಾನ್ ಹ್ಯಾಂಪ್ಡೆನ್ 20 ಷಿಲ್ಲಿಂಗ್ ಕೊಡಲು ನಿರಾಕರಿಸಿದ್ದರಿಂದ. ಹಣ ಅವನಿಗೆ ಲೆಕ್ಕಕ್ಕಿಲ್ಲ, ದೊಡ್ಡ ಜಮೀನುದಾರ. ಅವನ ವಕೀಲ ಆಲಿವರ್ ಸೇಂಟ್ ಜಾನ್ ದೊರೆಯ ಅಧಿಕಾರವನ್ನು ಪೂರ್ತಿ ಅಲ್ಲಗಳೆಯದೆ ಸಮಯದ ಲೆಕ್ಕ ಹಿಡಿದ: ಆಜ್ಞೆ ಹೊರಟದ್ದಕ್ಕೂ ಹಡಗು ಸಿದ್ಧವಾಗಬೇಕಾದ ದಿನಕ್ಕೂ ನಡುವೆ ತಿಂಗಳುಗಟ್ಟಲೆ ಅಂತರವಿದೆ, ಅಷ್ಟರಲ್ಲಿ ಸಂಸತ್ತು ಕರೆಯಬಹುದಿತ್ತಲ್ಲ?

1638ರ ತೀರ್ಪು 7–5, ದೊರೆಯ ಪರ. ಐವರಲ್ಲಿ ಕ್ರೋಕ್, ಹಟ್ಟನ್, ಡೆನ್‌ಹ್ಯಾಮ್ ಮೂವರು ಮೂಲ ವಿಚಾರದಲ್ಲೇ ಭಿನ್ನಮತ ಬರೆದರು. ಬ್ರ್ಯಾಂಪ್‌ಸ್ಟನ್, ಡೇವನ್‌ಪೋರ್ಟ್ ಇಬ್ಬರದು ತಾಂತ್ರಿಕ ಕಾರಣ. ‘ಐವರೂ ತತ್ವಕ್ಕಾಗಿ ನಿಂತರು’ ಎಂದು ಬರೆದರೆ ತಪ್ಪಾಗುತ್ತದೆ. ತನ್ನದೇ ನ್ಯಾಯಾಧೀಶರಲ್ಲಿ ಐವರನ್ನು ಕಳೆದುಕೊಂಡ ಮೇಲೆ ಗೆದ್ದ ದೊರೆಗೆ ವಸೂಲಿ ಕಷ್ಟವಾಯಿತು. ಸ್ಕಾಟ್‌ಲೆಂಡಿನ ಯುದ್ಧವೂ ಸೇರಿಕೊಂಡು, 1639ರ ಆಜ್ಞೆಯ ಮೊತ್ತದಲ್ಲಿ ಬಹುಪಾಲು ಬಾರದೇ ಉಳಿಯಿತು. 1641ರಲ್ಲಿ ಸಂಸತ್ತು ಹಡಗು ತೆರಿಗೆಯನ್ನೇ ಕಾನೂನುಬಾಹಿರ ಎಂದು ಸಾರಿತು.

ಪ್ರಶ್ನೆ: ಹೇಬಿಯಸ್ ಕಾರ್ಪಸ್‌ಗೂ ಈ ಜಗಳಕ್ಕೂ ಇರುವ ನಂಟನ್ನು ವಿವರಿಸಿ. (ಕಲಬುರಗಿ ಹೈಕೋರ್ಟ್ ಪೀಠದಲ್ಲಿ ವೃತ್ತಿ ಮಾಡುವ ಯುವ ವಕೀಲರು)

1626–27ರಲ್ಲಿ ಚಾರ್ಲ್ಸ್ ಸಂಸತ್ತನ್ನು ಬಿಟ್ಟು ಶ್ರೀಮಂತರಿಂದ ಬಲವಂತದ ಸಾಲ ಎತ್ತಿದ. ಕೊಡದವರನ್ನು ಹಿಡಿದು ಒಳಗೆ ಹಾಕಿದರು. ಅವರಲ್ಲಿ ಐವರು ನೈಟ್‌ಗಳು (‘ಸರ್’ ಬಿರುದಿನವರು) 1627ರಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಸೆರೆಯಾದವನನ್ನು ಕೋರ್ಟಿನ ಮುಂದೆ ತಂದು ಬಂಧನದ ಕಾರಣ ಹೇಳಿ ಎಂದು ಕೇಳುವ ರಿಟ್) ಹಾಕಿದಾಗ ಸೆರೆಮನೆಯ ಅಧಿಕಾರಿ ಕೊಟ್ಟ ಉತ್ತರದಲ್ಲಿ ಸಾಲದ ಸುದ್ದಿಯೇ ಇಲ್ಲ. ‘ದೊರೆಯ ವಿಶೇಷ ಅಪ್ಪಣೆಯ ಮೇರೆಗೆ’ ಎಂದಷ್ಟೇ. ಜಾಣತನ ಇದ್ದದ್ದು ಇಲ್ಲೇ. ಕಾರಣ ಬರೆದರೆ ಸಾಲ ಕಾನೂನುಬದ್ಧವೇ ಎಂಬ ಪ್ರಶ್ನೆ ಕೋರ್ಟಿನ ಮುಂದೆ ಬರುತ್ತದೆ. ಬರೆಯದಿದ್ದರೆ ಪರಿಶೀಲಿಸಲು ಕೋರ್ಟಿನ ಕೈಗೆ ಏನೂ ಸಿಗುವುದಿಲ್ಲ. ಜಾಮೀನು ಸಿಗಲಿಲ್ಲ.

ಇದರ ಫಲವೇ 1628ರ ಹಕ್ಕುಗಳ ಮನವಿ. ಎಡ್ವರ್ಡ್ ಕೋಕ್ ಮುಂದಾಳತ್ವದಲ್ಲಿ ಕೆಳಮನೆ ಹೊಸ ಕಾಯ್ದೆಗೆ ಹಟ ಹಿಡಿಯದೆ, ಇರುವ ಹಕ್ಕನ್ನೇ ನೆನಪಿಸುವ ಮನವಿಯ ದಾರಿ ಹಿಡಿಯಿತು. ನಾಲ್ಕು ಬೇಡಿಕೆ: ಸಂಸತ್ತಿನ ಒಪ್ಪಿಗೆ ಇಲ್ಲದೆ ತೆರಿಗೆ, ಸಾಲ ಇಲ್ಲ, ಕಾರಣ ತೋರಿಸದೆ ಸೆರೆ ಇಲ್ಲ, ಜನರ ಮನೆಗಳಲ್ಲಿ ಬಲವಂತವಾಗಿ ಸೈನಿಕರನ್ನು ಇಳಿಸುವಂತಿಲ್ಲ, ಶಾಂತಿಕಾಲದಲ್ಲಿ ಸೈನಿಕ ಕಾನೂನು ಇಲ್ಲ. ಜೂನ್ 2ರಂದು ದೊರೆ ಜಾರಿಕೊಳ್ಳುವ ಉತ್ತರ ಕೊಟ್ಟ, ಸದನ ಒಪ್ಪಲಿಲ್ಲ, ಜೂನ್ 7ರಂದು ಸರಿಯಾದ ಸಮ್ಮತಿ ಬಂತು. ಆದರೂ ಕರಡಿನಲ್ಲಿ ಬಿರುಕು ಉಳಿದಿತ್ತು: ಟನೇಜ್, ಪೌಂಡೇಜ್‌ಗಳ ಹೆಸರು ಅದರಲ್ಲಿ ಇರಲಿಲ್ಲ. ಬಂದರು ಸುಂಕ ಈ ಮನವಿಗೆ ಸೇರಿಲ್ಲ ಎಂದು ಚಾರ್ಲ್ಸ್ ಅದೇ ತಿಂಗಳು ಹೇಳಿದ. ಕರಡು ಬರೆಯುವ ವಕೀಲರು ಗಮನಿಸಬೇಕಾದ ಜಾಗ.

ದೊರೆಯ ಅಪ್ಪಣೆಯಿಂದ ಸೆರೆಯಾದವನಿಗೂ ಈ ರಿಟ್ ಸಿಗಬೇಕು ಎಂದು ಖಚಿತವಾದದ್ದು ಸ್ಟಾರ್ ಚೇಂಬರ್ ರದ್ದು ಮಾಡಿದ 1641ರ ಕಾಯ್ದೆಯಲ್ಲಿ. ವಿಧಾನ ಬಿಗಿಯಾದದ್ದು 1679ರಲ್ಲಿ. ನಮ್ಮಲ್ಲಿ ಬಂಧನದ ಕಾರಣ ತಿಳಿಸಬೇಕೆನ್ನುವುದು 22ನೇ ವಿಧಿ, ಕಾನೂನಿನ ಆಧಾರವಿಲ್ಲದೆ ತೆರಿಗೆ ವಿಧಿಸುವಂತಿಲ್ಲ, ವಸೂಲಿ ಮಾಡುವಂತಿಲ್ಲ ಎನ್ನುವುದು 265ನೇ ವಿಧಿ. ‘ವಿಧಿಸುವುದು’, ‘ವಸೂಲಿ ಮಾಡುವುದು’ ಎರಡನ್ನೂ ಹೇಳಿರುವುದರಿಂದ ಕಾಯ್ದೆ ಸರಿಯಿದ್ದು ವಸೂಲಿಯ ರೀತಿ ತಪ್ಪಿದರೂ ಪ್ರಶ್ನಿಸಬಹುದು.

ಪ್ರಶ್ನೆ: ಐವರು ನೈಟ್‌ಗಳಲ್ಲಿ ಒಬ್ಬ ಹ್ಯಾಂಪ್ಡೆನ್. ಹಡಗು ತೆರಿಗೆಯವನೂ ಅವನೇ ತಾನೆ? (ಸೇಡಂ)

ಅಲ್ಲ. ನೈಟ್ ಎಡ್ಮಂಡ್ ಹ್ಯಾಂಪ್ಡೆನ್. ಹಡಗು ತೆರಿಗೆಯವನು ಅವನ ಬಂಧು ಜಾನ್. ಬಲವಂತದ ಸಾಲ ನಿರಾಕರಿಸಿ ಜಾನ್ ಕೂಡ ಬಂಧನ ಕಂಡವನೇ, ಆದರೆ ಆ ಐವರ ಅರ್ಜಿಯಲ್ಲಿ ಅವನಿಲ್ಲ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಈ ಪ್ರಸಂಗವನ್ನು ಕಿರುನಾಟಕ ಮಾಡಿಸುತ್ತಿದ್ದೇವೆ. ಯಾವ ದೃಶ್ಯ ಆಯ್ದರೆ ಚೆನ್ನ? (ಬೀದರ್‌ನ ಶಿಕ್ಷಕರು)

ಎರಡು ದೃಶ್ಯ ಸಾಕು. ರಂಗಸಜ್ಜಿಕೆ ಸುಲಭ: ಸದನ ಸೇರುತ್ತಿದ್ದದ್ದು ಹಳೆಯ ಪ್ರಾರ್ಥನಾಮಂದಿರದಲ್ಲಿ, ಆದ್ದರಿಂದ ಬೆಂಚುಗಳು ಎದುರುಬದುರು, ತುದಿಯಲ್ಲಿ ಸ್ಪೀಕರ್ ಕುರ್ಚಿ.

ಮೊದಲನೆಯದು 1629ರ ಮಾರ್ಚ್ 2. ಸದನ ಮುಂದೂಡಲು ದೊರೆಯ ಅಪ್ಪಣೆ ಬಂದಿದೆ, ಸ್ಪೀಕರ್ ಜಾನ್ ಫಿಂಚ್ ಏಳುತ್ತಾನೆ. ಸದಸ್ಯರಾದ ಡೆನ್ಜಿಲ್ ಹೋಲ್ಸ್, ಬೆಂಜಮಿನ್ ವ್ಯಾಲೆಂಟೈನ್ ಅವನನ್ನು ಹಿಡಿದು ಕುರ್ಚಿಗೆ ಒತ್ತುತ್ತಾರೆ. ಫಿಂಚ್ ಅಳುತ್ತಾನೆ. ಬಾಗಿಲಿಗೆ ಒಳಗಿನಿಂದ ಬೀಗ, ಹೊರಗೆ ದೊರೆಯ ದೂತ ಬಡಿಯುತ್ತಿದ್ದಾನೆ. ನಿರ್ಣಯಗಳ ಕಾಗದವನ್ನು ಸದಸ್ಯ ಜಾನ್ ಎಲಿಯಟ್ ಆಗಲೇ ಸುಟ್ಟಿದ್ದ. ಹೋಲ್ಸ್ ನೆನಪಿನಿಂದಲೇ ಮೂರು ನಿರ್ಣಯ ಹೇಳುತ್ತಾನೆ. ಧರ್ಮದಲ್ಲಿ ಹೊಸತು ತರುವವನು, ಒಪ್ಪಿಗೆಯಿಲ್ಲದ ಸುಂಕಕ್ಕೆ ಸಲಹೆ ಕೊಡುವವನು, ಅಂಥ ಸುಂಕವನ್ನು ತಾನಾಗಿ ತೆರುವವನು, ಮೂವರೂ ದೇಶದ ಶತ್ರುಗಳು. ಆಮೇಲೆ 11 ವರ್ಷ ಸಂಸತ್ತೇ ಸೇರಲಿಲ್ಲ, ಎಲಿಯಟ್ 1632ರಲ್ಲಿ ಲಂಡನ್ ಟವರ್ ಸೆರೆಯಲ್ಲೇ ತೀರಿಕೊಂಡ. ಫಿಂಚ್ ಮುಖ್ಯ ನ್ಯಾಯಾಧೀಶನಾದ. ಹ್ಯಾಂಪ್ಡೆನ್ ಮೊಕದ್ದಮೆಯಲ್ಲಿ ದೊರೆಯ ಪರ ಬರೆದ ಏಳು ಜನರಲ್ಲಿ ಅವನೂ ಒಬ್ಬ. ಆ ನಟನಿಗೆ ಎರಡೂ ಪಾತ್ರ ಕೊಡಿ.

ಎರಡನೆಯದು 1642ರ ಜನವರಿ 4. ಪಿಮ್, ಹ್ಯಾಂಪ್ಡೆನ್, ಹೋಲ್ಸ್, ಹ್ಯಾಸಲ್‌ರಿಗ್, ಸ್ಟ್ರೋಡ್ ಎಂಬ ಐವರು ಸದಸ್ಯರನ್ನು ಹಿಡಿಯಲು ಚಾರ್ಲ್ಸ್ ಸುಮಾರು 400 ಆಯುಧಧಾರಿಗಳೊಂದಿಗೆ ಬರುತ್ತಾನೆ. ಸೈನಿಕರನ್ನು ಒಳಗೆ ತರಬೇಡಿ: ಅವರು ಹೊರಗೇ ನಿಂತರು, ಬಾಗಿಲು ಮಾತ್ರ ತೆರೆದೇ ಇತ್ತು, ಸದಸ್ಯರಿಗೆ ಕತ್ತಿ ಕಾಣಲಿ ಎಂದು. ದೊರೆ ಟೋಪಿ ತೆಗೆದು ಒಳಬರುತ್ತಾನೆ, ಸದಸ್ಯರೂ ಟೋಪಿ ತೆಗೆದು ಎದ್ದು ನಿಲ್ಲುತ್ತಾರೆ. ಸ್ಪೀಕರ್ ಕುರ್ಚಿಯ ಬಳಿ ನಿಂತು ಹೆಸರು ಕರೆದರೆ ಉತ್ತರವಿಲ್ಲ; ಐವರೂ ದೋಣಿ ಹತ್ತಿ ಜಾರಿಕೊಂಡಿದ್ದಾರೆ. ಎಲ್ಲಿ ಎಂದು ಕೇಳಿದಾಗ ಸ್ಪೀಕರ್ ಲೆಂಥಾಲ್ ಮಂಡಿಯೂರಿ, ಈ ಸದನ ಹೇಳಿದ್ದನ್ನು ಬಿಟ್ಟು ನೋಡಲು ಕಣ್ಣಿಲ್ಲ, ನುಡಿಯಲು ನಾಲಿಗೆಯಿಲ್ಲ ಎನ್ನುತ್ತಾನೆ. ಮಕ್ಕಳು ಇದನ್ನು ಅಬ್ಬರಿಸಿ ಹೇಳುತ್ತಾರೆ. ಬೇಡ, ಅವನು ಹೆದರಿದ್ದ ಮನುಷ್ಯ.

ಪ್ರಶ್ನೆ: ಸಂಸತ್ತು ಗೆದ್ದ ಮೇಲೆ ತೆರಿಗೆ ಇಳಿಯಿತೆ? (ಹುಮನಾಬಾದ್)

ಏರಿತು. ದೊರೆಗೂ ಸಂಸತ್ತಿಗೂ ಅಂತರ್ಯುದ್ಧ 1642ರಲ್ಲಿ ಶುರುವಾದ ಮರುವರ್ಷವೇ ಸಂಸತ್ತು ಜಿಲ್ಲೆವಾರು ಮೊತ್ತ ನಿಗದಿ ಮಾಡಿತು. ಹಡಗು ತೆರಿಗೆಯಲ್ಲಿ ತಾನೇ ಬೈದ ವಿಧಾನವದು, ಈಗ ಮೊದಲು ವಾರಕ್ಕೆ, ಆಮೇಲೆ ತಿಂಗಳಿಗೆ. 1643ರ ಜುಲೈನಲ್ಲಿ ಬಿಯರ್ ಮೊದಲಾದವುಗಳ ಮೇಲೆ ಅಬಕಾರಿ ಸುಂಕ ಬಂತು, ಮುಂದೆ ಮಾಂಸ, ಉಪ್ಪಿಗೂ ಹಬ್ಬಿತು. 1647ರಲ್ಲಿ ಲಂಡನ್ನಿನ ಸ್ಮಿತ್‌ಫೀಲ್ಡ್ ಮಾರುಕಟ್ಟೆಯಲ್ಲಿ ಜನ ಅಬಕಾರಿ ಕಚೇರಿಯ ಮೇಲೇ ಬಿದ್ದರು. ಅದೇ ವರ್ಷ ಮಾಂಸ ಮತ್ತು ಉಪ್ಪಿನ ಸುಂಕ ಕೈಬಿಡಬೇಕಾಯಿತು. ಹ್ಯಾಂಪ್ಡೆನ್ ಇದನ್ನೆಲ್ಲ ನೋಡಲಿಲ್ಲ, 1643ರ ಜೂನ್‌ನಲ್ಲಿ ಕಾಳಗದ ಗಾಯದಿಂದ ಸತ್ತಿದ್ದ.

ಪ್ರಶ್ನೆ: ಚಾರ್ಲ್ಸ್‌ನ ಶಿರಚ್ಛೇದ 1648ರಲ್ಲೋ 1649ರಲ್ಲೋ? ಎರಡೂ ಓದಿದ್ದೇನೆ. (ಭಾಲ್ಕಿಯ ಕೆಎಎಸ್ ಅಭ್ಯರ್ಥಿ)

1649ರ ಜನವರಿ 30. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು, ಹಾಗಾಗಿ ಅಂದಿನ ದಾಖಲೆಗಳು ಆ ಜನವರಿಯನ್ನು 1648 ಎಂದೇ ಬರೆಯುತ್ತವೆ. ಜನವರಿ 1ರಿಂದ ಮಾರ್ಚ್ 24ರ ನಡುವಿನ ಎಲ್ಲ ತಾರೀಖುಗಳಿಗೂ ಈ ಗೊಂದಲವಿದೆ. ಮೇಲೆ ಹೇಳಿದ 1629ರ ಮಾರ್ಚ್ 2 ಹಳೆಯ ಕಾಗದದಲ್ಲಿ 1628 ಎಂದಿರುತ್ತದೆ. ಪರೀಕ್ಷೆಯಲ್ಲಿ 1649 ಎಂದೇ ಬರೆಯಿರಿ.